ತೋಟದ ಟೆಂಟುಗಳಿಗೆ ಪ್ರತ್ಯೇಕ ನಿಯಮ ಬೇಕು

ಮಾನ್ಯ ಸಂಪಾದಕರೇ,

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಸುತ್ತಿನ ಕಾಫಿ ತೋಟಗಳಲ್ಲಿ ಈಚಿನ ವರ್ಷಗಳಲ್ಲಿ ‘ಗ್ಲ್ಯಾಂಪಿಂಗ್’ ಹೆಸರಿನ ಟೆಂಟುಗಳು ಹೆಚ್ಚುತ್ತಿವೆ. ಮರದ ಜಗಲಿಯ ಮೇಲೆ ದಪ್ಪ ಕ್ಯಾನ್ವಾಸಿನ ಡೇರೆ, ಒಳಗೆ ಮಂಚ ಹಾಸಿಗೆ, ಹಿಂಬದಿಗೆ ಹೊಂದಿಕೊಂಡ ಬಚ್ಚಲು, ಎದುರಿಗೆ ಬೆಂಕಿ ಕಾಯಲು ಒಂದಿಷ್ಟು ಜಾಗ. ಇಷ್ಟಿದ್ದರೆ ಬೆಂಗಳೂರಿನಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಬಂದು ಎರಡು ರಾತ್ರಿ ತಂಗುವವರಿಗೆ ಕೊರತೆಯಿಲ್ಲ. ಬೆಲೆಯ ಏರಿಳಿತ, ಕೂಲಿಯ ಹೊರೆ, ಹೊತ್ತುಗೊತ್ತಿಲ್ಲದ ಮಳೆಗಳ ನಡುವೆ ಸಣ್ಣ ಬೆಳೆಗಾರ ಇಂಥ ಉಪಕಸುಬಿನತ್ತ ನೋಡುವುದು ಸಹಜ. ಅದನ್ನು ವಿರೋಧಿಸಿ ಈ ಪತ್ರ ಬರೆಯುತ್ತಿಲ್ಲ. ತೋಟದಲ್ಲೇ ವಾಸವಿರುವ ಬೆಳೆಗಾರ ನಡೆಸುವ ಎರಡು ಮೂರು ಟೆಂಟುಗಳಿಗೂ, ಹೊರಗಿನವರು ಬಂದು ಸಾಲಾಗಿ ಹೂಡುವ ಇಪ್ಪತ್ತು ಟೆಂಟುಗಳಿಗೂ ಸರ್ಕಾರ ಬೇರೆ ಬೇರೆ ನಿಯಮ ಮಾಡಬೇಕು ಎಂಬುದಷ್ಟೇ ನನ್ನ ಕೋರಿಕೆ.

ಈಗಿರುವ ಗೊಂದಲ ಇದು. ಹೋಮ್‌ಸ್ಟೇ ನಿಯಮಗಳು ಮಾಲೀಕರು ವಾಸವಿರುವ ಮನೆಯನ್ನು, ಅದರ ಕೋಣೆಗಳನ್ನು ಕಣ್ಣಮುಂದಿಟ್ಟುಕೊಂಡು ರೂಪುಗೊಂಡವು. ರೆಸಾರ್ಟ್ ಎಂದರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂ ಪರಿವರ್ತನೆ ಆಗಬೇಕು. ಮಳೆಗಾಲಕ್ಕೆ ಮಡಚಿ ಅಟ್ಟಕ್ಕೆ ಹಾಕಬಹುದಾದ ಟೆಂಟು ಈ ಎರಡರಲ್ಲಿ ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ. ಮೂರು ಟೆಂಟು ಹಾಕುವ ಯೋಚನೆಯಿಂದ ನಾನು ವಿಚಾರಿಸಲು ಹೋದಾಗ ಒಂದು ಕಚೇರಿಯಲ್ಲಿ, ಗೋಡೆಯೇ ಇಲ್ಲದ್ದನ್ನು ಹೋಮ್‌ಸ್ಟೇ ಎಂದು ಹೇಗೆ ಬರೆದುಕೊಳ್ಳುವುದು ಎಂದು ಕೇಳಿದರು; ಇನ್ನೊಂದರಲ್ಲಿ ಮೊದಲು ಪರಿವರ್ತನೆ ಮಾಡಿಸಿಕೊಂಡು ಬನ್ನಿ ಎಂದರು. ಕಾಫಿ ಗಿಡಗಳ ನಡುವಿನ ಒಂದೆರಡು ಗುಂಟೆಯನ್ನು ಶಾಶ್ವತವಾಗಿ ಕೃಷಿಯಿಂದ ಹೊರಗಿಡುವುದು ಬೆಳೆಗಾರನಿಗೂ ಬೇಡ, ಪಹಣಿಗೂ ಬೇಡ. ಹೀಗಾಗಿ ಹೆಚ್ಚಿನವರು ಯಾರನ್ನೂ ಕೇಳದೆ ಟೆಂಟು ಹೂಡಿಬಿಡುತ್ತಾರೆ, ಹೂಡಿದ ಮೇಲೆ ಯಾರೂ ಅವರನ್ನು ಕೇಳುವುದಿಲ್ಲ.

ಈ ಕಸುಬಿಗೆ ಇಳಿಯುವವರು ಮೊದಲು ಮಳೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಟೆಂಟಿನ ವಾಸ ಆಗದ ಮಾತು. ಜುಲೈನಲ್ಲಿ ಒಂದು ವಾರ ಬಿಡದೆ ಮಳೆ ಹಿಡಿದರೆ ಕ್ಯಾನ್ವಾಸಿನ ಹೊಲಿಗೆಗುಂಟ ಕಪ್ಪು ಬೂಷ್ಟು ಕಟ್ಟುತ್ತದೆ, ಜಿಪ್ಪು ತುಕ್ಕು ಹಿಡಿದು ಅರ್ಧಕ್ಕೇ ನಿಲ್ಲುತ್ತದೆ, ಒಗೆದ ಹಾಸಿಗೆ ಹೊದಿಕೆ ಮೂರು ದಿನವಾದರೂ ಒಣಗುವುದಿಲ್ಲ. ಜಗಲಿಯ ಕಂಬಕ್ಕೆ ಗೆದ್ದಲು ಹತ್ತುವುದು ಕಣ್ಣಿಗೆ ಬೀಳುವುದು ಮಳೆ ಬಿಟ್ಟ ಮೇಲೆ. ವರ್ಷದ 52 ವಾರಾಂತ್ಯಗಳಲ್ಲಿ ಹದಿನೇಳು ಹೀಗೆ ಕಳೆದರೆ ಉಳಿಯುವುದು 35. ವಾರದ ನಡುವೆ ಬರುವವರು ವಿರಳವಾದ್ದರಿಂದ ಒಂದು ಟೆಂಟಿಗೆ ಹೆಚ್ಚೆಂದರೆ 70 ರಾತ್ರಿ. ರಾತ್ರಿಗೆ 4,000 ರೂಪಾಯಿ ಎಂದಿಟ್ಟುಕೊಂಡು, ಒಂದು ರಾತ್ರಿಯೂ ಖಾಲಿ ಬೀಳಲಿಲ್ಲ ಎಂದುಕೊಂಡರೂ ಟೆಂಟೊಂದಕ್ಕೆ ವರ್ಷಕ್ಕೆ 2 ಲಕ್ಷ 80 ಸಾವಿರ ಆಗುತ್ತದೆ. ಅದರಲ್ಲಿ ಬುಕಿಂಗ್ ಆ್ಯಪ್‌ಗಳ ಕಮಿಷನ್, ಅಡುಗೆಯವರ ಸಂಬಳ, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕಾದ ಕ್ಯಾನ್ವಾಸಿನ ಖರ್ಚು ಎಲ್ಲವೂ ಹೋಗಬೇಕು. ಕೃಷಿ ಆದಾಯಕ್ಕಿರುವ ತೆರಿಗೆ ವಿನಾಯಿತಿ ಟೆಂಟಿನ ಬಾಡಿಗೆಗೆ ಅನ್ವಯಿಸುವುದಿಲ್ಲ ಎಂಬುದೂ ಗೊತ್ತಿರಲಿ. ಮೂರು ಟೆಂಟಿನ ಮಟ್ಟಿಗೆ ಇದು ಮನೆಖರ್ಚಿಗೆ ಒದಗುವ ಹಣವೇ ಹೊರತು, ಬ್ಯಾಂಕಿನಲ್ಲಿ ತೋಟ ಅಡವಿಟ್ಟು ಕೈಹಾಕುವಷ್ಟು ದೊಡ್ಡ ವ್ಯಾಪಾರವಲ್ಲ.

ಲೆಕ್ಕಕ್ಕೆ ಸಿಗದ ಇನ್ನೊಂದು ತೊಡಕಿದೆ. ಅತಿಥಿಗಳು ಮುಗಿಬೀಳುವ ಡಿಸೆಂಬರ್, ಜನವರಿಯೇ ನಮಗೆ ಹಣ್ಣು ಕೊಯ್ಲಿನ ಕಾಲ. ಅರೇಬಿಕಾ ಮುಗಿಯುತ್ತಿದ್ದಂತೆ ರೋಬಸ್ಟಾ ಹಣ್ಣಾಗಿರುತ್ತದೆ. ಅಸ್ಸಾಂ ಕಡೆಯಿಂದ ಬಂದ ಕಾರ್ಮಿಕರನ್ನು ಕಾಡಿಬೇಡಿ ಉಳಿಸಿಕೊಂಡಿರುತ್ತೇವೆ, ಅಂಥ ಹೊತ್ತಿನಲ್ಲಿ ಕೊಯ್ಲಿನ ಇಬ್ಬರು ಹೆಂಗಸರನ್ನು ಬಿಡಿಸಿ ಪಾತ್ರೆ ತೊಳೆಯಲು, ಹಾಸಿಗೆ ಹಾಸಲು ಕಳಿಸಬೇಕಾಗುತ್ತದೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುವ ಸದ್ದಿಗೆ ನಿದ್ದೆ ಕೆಟ್ಟಿತೆಂಬ ದೂರು ಬರುತ್ತದೆ. ಕಣದಲ್ಲಿ ಹರವಿದ ಕಾಫಿಯ ಮೇಲೆ ಚಪ್ಪಲಿ ಕಾಲಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವರಿಗೆ ಏನೆಂದು ಹೇಳುವುದು? ಸಂಜೆ ಇಬ್ಬನಿ ಇಳಿಯುವ ಮೊದಲು ಅದನ್ನು ಗುಡ್ಡೆ ಹಾಕಿ ಟಾರ್ಪಾಲು ಮುಚ್ಚುವ ಅವಸರದಲ್ಲಿ ಬೆಳೆಗಾರನಿರುವಾಗಲೇ ಬಿಸಿನೀರು ಬರುತ್ತಿಲ್ಲವೆಂದು ಟೆಂಟಿನಿಂದ ಕರೆ ಬರುತ್ತದೆ. ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣ ಅಥವಾ ಕೀಟನಾಶಕ ಸಿಂಪಡಿಸುವ ದಿನಗಳಲ್ಲಂತೂ ಆ ಬ್ಲಾಕಿನ ಹತ್ತಿರ ಅತಿಥಿಗಳನ್ನು ಇರಿಸಿಕೊಳ್ಳಲೇಬಾರದು. ಇದನ್ನೆಲ್ಲ ತೂಗಿಸಿಕೊಂಡು ಹೋಗುವುದು ಸ್ಥಳದಲ್ಲೇ ಇರುವ ಮಾಲೀಕನಿಗೆ ಮಾತ್ರ ಸಾಧ್ಯ.

ಹೊರಗಿನವರ ಟೆಂಟುಗಳ ರೀತಿಯೇ ಬೇರೆ. ಅವರು ತೋಟವನ್ನು ಗುತ್ತಿಗೆ ಹಿಡಿಯುತ್ತಾರೆ, ಇಲ್ಲವೇ ಕೊಳ್ಳುತ್ತಾರೆ. ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿ ಗೇಣಿ ಪದ್ಧತಿಯನ್ನು ಕೊನೆಗಾಣಿಸಿದ್ದರಿಂದ ಗದ್ದೆ, ಹೊಲಗಳನ್ನು ಹೀಗೆ ಗುತ್ತಿಗೆ ಕೊಡಲು ಕಾನೂನು ಒಪ್ಪುವುದಿಲ್ಲ. ಆದರೆ ಕಾಫಿಯಂಥ ಪ್ಲಾಂಟೇಷನ್ ಭೂಮಿಗೆ ಆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ಅದೇ ಕಾಯ್ದೆಯ 2020ರ ತಿದ್ದುಪಡಿ ದಾರಿ ತೆರೆದಿದೆ. ಕೊಂಡವರು, ಗುತ್ತಿಗೆ ಹಿಡಿದವರು ಒಬ್ಬ ಮ್ಯಾನೇಜರನನ್ನು ಬಿಟ್ಟು ನಗರಕ್ಕೆ ಮರಳುತ್ತಾರೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದೆಂದು 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು ಹೇಳುತ್ತವೆ. ಆದರೆ ಹನ್ನೆರಡು ಗಂಟೆಗೆ ಹಾಡು ಮೊಳಗಿದಾಗ ಪಕ್ಕದ ತೋಟದವರು ಯಾರ ಮನೆಯ ಬಾಗಿಲು ತಟ್ಟಬೇಕು? ಬಚ್ಚಲಿನ ಕೊಳೆನೀರು ಇಳಿಜಾರಿನಲ್ಲಿ ಹರಿದು ಕೆಳಗಿನ ಹಳ್ಳ ಸೇರಿದರೆ ಆ ನೀರು ಕುಡಿಯುವ, ತೋಟದ ಕಾರ್ಮಿಕರ ಲೈನ್ ಮನೆಗಳವರು ಯಾರನ್ನು ಕೇಳಬೇಕು?

ಆನೆಯ ವಿಷಯಕ್ಕೆ ಬಂದರೆ ಇದು ಕೇವಲ ಕಿರಿಕಿರಿಯಾಗಿ ಉಳಿಯುವುದಿಲ್ಲ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ತೋಟಗಳಲ್ಲಿ ಆನೆ ಬರುವುದು ಸುದ್ದಿಯೂ ಅಲ್ಲ. ಹಲಸು ಹಣ್ಣಾಗುವ ತಿಂಗಳುಗಳಲ್ಲಿ, ಭತ್ತ ತೆನೆಯೊಡೆಯುವ ಹೊತ್ತಿನಲ್ಲಿ ಅವು ಯಾವ ದಾರಿ ಹಿಡಿಯುತ್ತವೆಂದು ಅಲ್ಲೇ ಹುಟ್ಟಿ ಬೆಳೆದವರಿಗೆ ತಿಳಿದಿರುತ್ತದೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯಿಂದ ಎಚ್ಚರಿಕೆ ಬಂದ ರಾತ್ರಿ ಇಂಥ ಬೆಳೆಗಾರರು ಅತಿಥಿಗಳನ್ನು ಟೆಂಟಿನಿಂದ ಎಬ್ಬಿಸಿ ಮನೆಯೊಳಗೆ ಕರೆದುಕೊಳ್ಳುತ್ತಾರೆ. ಅದಕ್ಕೆ ಹತ್ತಿರದಲ್ಲೊಂದು ಗೋಡೆಯಿರುವ ಮನೆ ಇರಬೇಕು. 2021ರ ಜನವರಿಯಲ್ಲಿ ಕೇರಳದ ವಯನಾಡಿನ ಮೇಪ್ಪಾಡಿಯಲ್ಲಿ ಟೆಂಟಿನಲ್ಲಿ ತಂಗಿದ್ದ ಪ್ರವಾಸಿ ಯುವತಿಯೊಬ್ಬರು ಕಾಡಾನೆಯ ದಾಳಿಗೆ ಬಲಿಯಾದರು. ಪರವಾನಗಿಯ ಪ್ರಶ್ನೆ ಅಲ್ಲಿ ದೊಡ್ಡದಾಗಿ ಎದ್ದಿದ್ದು ಜೀವ ಹೋದ ಮೇಲೆ.

ಕೃಷಿ ಪ್ರವಾಸೋದ್ಯಮದ ಪ್ರಸ್ತಾಪ ನಮ್ಮ ರಾಜ್ಯದ ಪ್ರವಾಸೋದ್ಯಮ ನೀತಿಯಲ್ಲಿ ಇದೆ. ಮಹಾರಾಷ್ಟ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿ 2020ರಲ್ಲಿ ಇದಕ್ಕೇ ಪ್ರತ್ಯೇಕ ನೀತಿ ರೂಪಿಸಿ, ರೈತರು ಮತ್ತು ರೈತರ ಸಹಕಾರ ಸಂಘಗಳು ನೋಂದಾಯಿಸಿಕೊಳ್ಳಲು ಅವಕಾಶ ಕೊಟ್ಟಿತು. ಇಲ್ಲಿಯೂ ತೋಟದ ಟೆಂಟು ಎಂಬ ಒಂದು ವರ್ಗ ಮಾಡಲಿ. ಮಾಲೀಕರ ಕುಟುಂಬ ಅದೇ ತೋಟದಲ್ಲಿ ವಾಸವಿರಬೇಕು, ಟೆಂಟುಗಳು ನಾಲ್ಕನ್ನು ಮೀರಬಾರದು, ಕಾಂಕ್ರೀಟ್ ತಳಪಾಯ ಹಾಕಬಾರದು, ಮಳೆಗಾಲದ ನಾಲ್ಕು ತಿಂಗಳು ಬಿಚ್ಚಿಡಬೇಕು ಎಂಬ ಷರತ್ತುಗಳಿಗೆ ಒಪ್ಪಿದವರಿಗೆ ಭೂ ಪರಿವರ್ತನೆಯಿಂದ ವಿನಾಯಿತಿ ಸಿಗಲಿ. ಬಚ್ಚಲ ನೀರಿನ ಇಂಗುಗುಂಡಿ ಬಾವಿಗೂ ಹಳ್ಳಕ್ಕೂ ದೂರವಿದೆಯೇ, ಪಂಪ್‌ಸೆಟ್‌ಗೆಂದು ಪಡೆದ ಸಂಪರ್ಕದಿಂದಲೇ ಟೆಂಟಿಗೆ ವೈರ್ ಎಳೆದಿದ್ದಾರೆಯೇ ಎಂಬುದನ್ನು ಅನುಮತಿಗೆ ಮೊದಲೇ ಸ್ಥಳಕ್ಕೆ ಬಂದು ನೋಡಲಿ. ತರಗೆಲೆ ಒಣಗಿ ಬೀಳುವ ಫೆಬ್ರುವರಿಯಿಂದ ಕಾಫಿ ಹೂ ಅರಳಿಸುವ ‘ಹೂಮಳೆ’ ಬೀಳುವವರೆಗೆ ಕ್ಯಾಂಪ್‌ಫೈರ್ ಪೂರ್ತಿ ನಿಲ್ಲಲಿ. ಈ ಷರತ್ತುಗಳಿಗೆ ಒಪ್ಪದವರು ರೆಸಾರ್ಟಿನ ದಾರಿಯಲ್ಲೇ, ಅದರ ಎಲ್ಲ ಅನುಮತಿಗಳೊಂದಿಗೆ ಬರಲಿ.

ಅರ್ಜಿ ಸ್ವೀಕರಿಸುವ ಕೆಲಸ ಗ್ರಾಮ ಪಂಚಾಯಿತಿಯಲ್ಲೇ ಆಗಿ, ಕಂದಾಯ, ಅರಣ್ಯ ಇಲಾಖೆಗಳು ಮತ್ತು ವಿದ್ಯುತ್ ಕಂಪನಿ ತಮ್ಮ ಅಭಿಪ್ರಾಯವನ್ನು ಅಲ್ಲಿಗೇ ಕಳುಹಿಸುವ ವ್ಯವಸ್ಥೆ ಆದರೆ ಬೆಳೆಗಾರರ ಅಲೆದಾಟ ತಪ್ಪುತ್ತದೆ. ಮಳೆ ಮುಗಿದು ಅಕ್ಟೋಬರ್‌ನಲ್ಲಿ ಟೆಂಟು ಹೂಡುವ ಹೊತ್ತಿಗೆ ಅನುಮತಿ ಪತ್ರ ಕೈಸೇರಬೇಕಾದರೆ ಏಪ್ರಿಲ್‌ನಲ್ಲೇ ಅರ್ಜಿ ಕರೆಯಬೇಕಾಗುತ್ತದೆ.

ಇತಿ,
ಒಬ್ಬ ಕಾಫಿ ಬೆಳೆಗಾರ, ಸಕಲೇಶಪುರ ತಾಲ್ಲೂಕು