ತಕ್ಕಡಿ ಕೆಟ್ಟಿದೆಯೋ, ಅಯಸ್ಕಾಂತ ಅಡಗಿದೆಯೋ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ‘ನ್ಯೂಟನ್ ಸೋತ, ಕಪ್ಪುದ್ರವ್ಯ ಸತ್ತಿತು’ ಎಂಬ ತಲೆಬರಹ ನೋಡಿ, ಚಹಾ ತಣ್ಣಗಾದದ್ದೂ ತಿಳಿಯದೆ ಓದಿದೆ. ದೊಡ್ಡ ಗ್ಯಾಲಕ್ಸಿಗಳ ಸುತ್ತಲಿನ ಪುಟ್ಟ ಉಪಗ್ಯಾಲಕ್ಸಿಗಳು ಎಲ್ಲೆಂದರಲ್ಲಿ ಚದುರಿರದೆ ಒಂದೇ ಹಾಳೆಯ ಮೇಲಿಟ್ಟಂತೆ ಇವೆ, ಆದ್ದರಿಂದ ಗುರುತ್ವದ ನಿಯಮವೇ ತಪ್ಪು ಎಂಬುದು ಬರಹದ ಸಾರ. ನನ್ನ ತಕರಾರು ಆ ‘ಆದ್ದರಿಂದ’ದ ಮೇಲೆ.

ನಾನು ವಿಜ್ಞಾನಿಯಲ್ಲ. ತೂಕ ಮತ್ತು ಅಳತೆಯ ನಿರೀಕ್ಷಕನಾಗಿ ಮಲ್ಪೆಯ ಮೀನಿನ ಧಕ್ಕೆಯಿಂದ ಕಾರ್ಕಳದ ಗೇರುಬೀಜದ ಕಾರ್ಖಾನೆಗಳವರೆಗೆ 31 ವರ್ಷ ತಕ್ಕಡಿಗಳಿಗೆ ಮುದ್ರೆ ಒತ್ತಿದವನು. ತೂಕ ತಾಳೆಯಾಗದಿದ್ದರೆ ಕೇಳಿಕೊಳ್ಳುತ್ತಿದ್ದುದು ಎರಡೇ ಪ್ರಶ್ನೆ: ಕಾಣದ ಭಾರ ಎಲ್ಲಾದರೂ ಸೇರಿಕೊಂಡಿದೆಯೇ, ತಕ್ಕಡಿಯೇ ಕೆಟ್ಟಿದೆಯೇ? ತಟ್ಟೆಯ ಅಡಿಗೆ ಅಂಟಿಸಿದ್ದ ಅಯಸ್ಕಾಂತವನ್ನು ಕಿತ್ತು ಜಪ್ತಿ ಮಾಡಿದ್ದೇನೆ. ಐವತ್ತು ಕಿಲೋ ಮೂಟೆಯನ್ನು ಕರಾರುವಾಕ್ಕಾಗಿ ತೂಗಿ, ಕಾಲು ಕಿಲೋ ಒಣಸೀಗಡಿ ಇಟ್ಟೊಡನೆ ಸುಳ್ಳು ಹೇಳುವ ತಕ್ಕಡಿಯನ್ನೂ ಕಂಡಿದ್ದೇನೆ. ಅದರ ಮಾಲೀಕ ಮೋಸಗಾರನಾಗಿರಲಿಲ್ಲ, ಪಾಪ.

ಗ್ಯಾಲಕ್ಸಿಗಳ ವ್ಯಾಜ್ಯವೂ ಇದೇ. 1970ರ ದಶಕದಲ್ಲಿ ಅಮೆರಿಕದ ಖಗೋಳಜ್ಞೆ ವೆರಾ ರೂಬಿನ್ ಮತ್ತಿತರರು ಅಳೆದಾಗ, ಗ್ಯಾಲಕ್ಸಿಗಳ ಅಂಚಿನ ಭಾಗಗಳು ಕಣ್ಣಿಗೆ ಕಾಣುವ ಭಾರಕ್ಕೆ ಹೊಂದದಷ್ಟು ವೇಗವಾಗಿ ಸುತ್ತುತ್ತಿದ್ದವು. ಹೆಚ್ಚಿನವರು ಅಯಸ್ಕಾಂತವನ್ನು ಶಂಕಿಸಿದರು, ಅಂದರೆ ಕಣ್ಣಿಗೆ ಕಾಣದ ಭಾರವನ್ನು, ಅದೇ ಕಪ್ಪುದ್ರವ್ಯ. 1983ರಲ್ಲಿ ಇಸ್ರೇಲಿನ ಮೊರ್ದೆಹಾಯ್ ಮಿಲ್ಗ್ರೋಮ್ ತಕ್ಕಡಿಯನ್ನೇ ಶಂಕಿಸಿದರು. ವೇಗೋತ್ಕರ್ಷವು ನೆಲದ ಮೇಲಿನ ಗುರುತ್ವದ ಸುಮಾರು 8,000 ಕೋಟಿಯಲ್ಲಿ ಒಂದು ಪಾಲಿಗಿಂತ ಕೆಳಗಿಳಿದಾಗ ನ್ಯೂಟನ್ನನ ಲೆಕ್ಕ ಬದಲಾಗುತ್ತದೆ ಎಂದರು. ನನ್ನ ಒಣಸೀಗಡಿಯ ತಕ್ಕಡಿ! ಇದಕ್ಕೆ ಮಾಂಡ್ (ತಿದ್ದಿದ ನ್ಯೂಟನ್ ಚಲನಶಾಸ್ತ್ರ) ಎಂದು ಹೆಸರು. ಇದನ್ನು ಕೇಳಿ ನಗುವವರೊಂದಿಗೂ ನನಗೆ ಜಗಳವಿದೆ. ಯುರೇನಸ್ ದಾರಿ ತಪ್ಪಿದಾಗ ಫ್ರಾನ್ಸಿನ ಖಗೋಳಜ್ಞ ಲೆವೆರಿಯೆ ಕಾಣದ ಭಾರವಿದೆ ಎಂದ, 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧ ದಾರಿ ತಪ್ಪಿದಾಗಲೂ ಅವನು ಅದನ್ನೇ ಹೇಳಿದ, ಏನೂ ಸಿಗಲಿಲ್ಲ. 1915ರಲ್ಲಿ ಐನ್‌ಸ್ಟೈನ್ ತಕ್ಕಡಿಯನ್ನೇ ಬದಲಾಯಿಸಬೇಕಾಯಿತು.

ಈಗ ಆ ಹಾಳೆಯ ವಿಷಯ. ನಮ್ಮ ಕ್ಷೀರಪಥದ ಸುತ್ತ ಇಂಥದ್ದೊಂದು ಸಾಲು ಇರುವುದನ್ನು 1976ರಲ್ಲೇ ಡೊನಾಲ್ಡ್ ಲಿಂಡನ್-ಬೆಲ್ ಗಮನಿಸಿದ್ದರು. 2013ರಲ್ಲಿ ನಮ್ಮ ನೆರೆಯ ದೊಡ್ಡ ಗ್ಯಾಲಕ್ಸಿ ಆಂಡ್ರೊಮೆಡಾದ ಸುತ್ತಲಿನ 27 ಉಪಗ್ಯಾಲಕ್ಸಿಗಳ ಪೈಕಿ 15 ಒಂದೇ ಹಾಳೆಯಲ್ಲಿರುವುದೂ, ಅವುಗಳಲ್ಲಿ 13 ಒಂದೇ ದಿಕ್ಕಿಗೆ ಸುತ್ತುವಂತೆ ಕಾಣುವುದೂ ವರದಿಯಾಯಿತು. ಹಾಳೆಯ ಅಗಲ ಸುಮಾರು 13 ಲಕ್ಷ ಜ್ಯೋತಿರ್ವರ್ಷ, ದಪ್ಪ 50 ಸಾವಿರಕ್ಕೂ ಕಡಿಮೆ. ನೀರುದೋಸೆಯಷ್ಟು ತೆಳುವಲ್ಲ, ಆದರೂ ದೋಸೆಯೇ. ಕಪ್ಪುದ್ರವ್ಯದ ಲೆಕ್ಕದಲ್ಲಿ ಇವು ಗೂಡಿನ ಸುತ್ತಲಿನ ಜೇನುಹುಳಗಳಂತೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಇರಬೇಕಿತ್ತು.

ಇಲ್ಲಿಂದ ‘ನ್ಯೂಟನ್ ಸೋತ’ ಎನ್ನುವಲ್ಲಿಗೆ ನಡುವೆ ಮೆಟ್ಟಿಲುಗಳಿವೆ, ನಿಮ್ಮ ಬರಹ ಅವನ್ನು ಹಾರಿಬಿಟ್ಟಿದೆ. ಎರಡು ದೊಡ್ಡ ಗ್ಯಾಲಕ್ಸಿಗಳು ಹತ್ತಿರದಿಂದ ಹಾದುಹೋದಾಗ ಕಿತ್ತುಬಂದ ಅನಿಲ ಮತ್ತು ನಕ್ಷತ್ರಗಳಿಂದ ಪುಟ್ಟ ಗ್ಯಾಲಕ್ಸಿಗಳು ಹುಟ್ಟಬಹುದು. ಹಾಗೆ ಹುಟ್ಟಿದವು ಒಂದೇ ಸಮತಲದಲ್ಲಿ ಇರುವುದು ಸಹಜ. ಆದರೆ ಅಂಥವುಗಳಲ್ಲಿ ಕಪ್ಪುದ್ರವ್ಯ ಇರಲಾರದು. ಡ್ರೇಕೊದಂಥ ಉಪಗ್ಯಾಲಕ್ಸಿಯ ನಕ್ಷತ್ರಗಳೋ ಕಾಣುವ ಭಾರಕ್ಕೆ ಮೀರಿದ ವೇಗದಲ್ಲಿವೆ. ಕಪ್ಪುದ್ರವ್ಯವೂ ಇಲ್ಲ, ವೇಗವೂ ಹೆಚ್ಚು ಎಂದಾದರೆ ಮಾತ್ರ ತಕ್ಕಡಿಯ ಮೇಲೆ ಸಂಶಯ ಬರುತ್ತದೆ. ಅಂದರೆ ಮಾಂಡ್‌ಗೆ ಬಲ ಬರುವುದು ಸಾಲಿನಿಂದಷ್ಟೇ ಅಲ್ಲ, ಇವುಗಳ ಹುಟ್ಟು ಹೀಗೆಯೇ ಆಯಿತೆಂದು ಒಪ್ಪಿಕೊಂಡ ಮೇಲೆ.

ಇನ್ನೂ ಒಂದು ಲೋಪ. ಗಯಾ ಎಂಬ ಬಾಹ್ಯಾಕಾಶ ದೂರದರ್ಶಕದ ಅಳತೆಗಳನ್ನು ಬಳಸಿ 2022ರಲ್ಲಿ ಬಂದ ಅಧ್ಯಯನವು ಕ್ಷೀರಪಥದ ಸಾಲು ತಾತ್ಕಾಲಿಕ, ಹತ್ತಾರು ಕೋಟಿ ವರ್ಷಗಳಲ್ಲಿ ಚದುರುವಂಥದ್ದು ಎಂದಿತು. ಅದರ ಬಗ್ಗೆ ನಿಮ್ಮ ಬರಹದಲ್ಲಿ ಒಂದು ಮಾತೂ ಇಲ್ಲ. ಹಾಗೆಂದು ಆಂಡ್ರೊಮೆಡಾದ ಸಾಲು, 2018ರಲ್ಲಿ ವರದಿಯಾದ ಸೆಂಟಾರಸ್ ಎ ಗ್ಯಾಲಕ್ಸಿಯ ಸಾಲು ಇತ್ಯರ್ಥವಾದವು ಎಂದಲ್ಲ. ಮಾಂಡ್‌ಗೂ ತನ್ನದೇ ಸಾಲವಿದೆ: ಗ್ಯಾಲಕ್ಸಿಗಳ ದೊಡ್ಡ ಗುಚ್ಛಗಳಲ್ಲಿ ಅದಕ್ಕೂ ಕಾಣದ ಭಾರ ಬೇಕಾಗುತ್ತದೆ. ಕಪ್ಪುದ್ರವ್ಯದ ಹಂಗಿಲ್ಲದ ಪರೀಕ್ಷೆಯೆಂದು ದೂರದೂರದಲ್ಲಿ ಸುತ್ತುವ ಜೋಡಿ ನಕ್ಷತ್ರಗಳನ್ನು ನೋಡಿದರೆ, 2023ರಲ್ಲಿ ಗಯಾದ ಅಳತೆಗಳಿಂದಲೇ ಎರಡು ತಂಡಗಳು ತದ್ವಿರುದ್ಧ ಉತ್ತರ ಕೊಟ್ಟವು. ನನ್ನ ಕಾಲದಲ್ಲಿ ಇಬ್ಬರು ನಿರೀಕ್ಷಕರು ಹೀಗೆ ವರದಿ ಬರೆದಿದ್ದರೆ ತಕ್ಕಡಿಯನ್ನು ಮೊಹರು ಮಾಡಿ ಮರುಪರೀಕ್ಷೆಗೆ ಕಳುಹಿಸುತ್ತಿದ್ದೆವು. ತೀರ್ಪು ಬರೆಯುತ್ತಿರಲಿಲ್ಲ.

ಈ ಉಪಗ್ಯಾಲಕ್ಸಿಗಳಲ್ಲಿ ಒಂದು ನಮ್ಮ ಊರಿನ ಆಕಾಶಕ್ಕೂ ಬರುತ್ತದೆ. ದೊಡ್ಡ ಮೆಗಲಾನಿಕ್ ಮೋಡ ಜನವರಿ ಮಧ್ಯದಲ್ಲಿ ರಾತ್ರಿ ಹತ್ತು, ಹತ್ತೂವರೆಯ ಸುಮಾರಿಗೆ ಅಗಸ್ತ್ಯ ನಕ್ಷತ್ರದ ಕೆಳಗೆ, ದಕ್ಷಿಣ ದಿಗಂತದಿಂದ ಬರೀ ಏಳು ಡಿಗ್ರಿ ಮೇಲೆ, ಚಾಚಿದ ಕೈಯ ಮುಷ್ಟಿಗಿಂತ ಕಡಿಮೆ ಎತ್ತರದಲ್ಲಿ ಇರುತ್ತದೆ. ಎರಡು ವರ್ಷ ಕಾಪುವಿನ ದೀಪಸ್ತಂಭದ ಪಕ್ಕದ ಮರಳಿನಲ್ಲಿ ಬೈನಾಕ್ಯುಲರ್ ಹಿಡಿದು ಕುಳಿತೆ. ದೋಣಿಗಳ ಬೆಳಕು, ಮಂಗಳೂರಿನ ಕಡೆಯ ಪ್ರಭೆ, ಸಮುದ್ರದ ಮಂಜು. ಒಮ್ಮೆ ಏನೋ ಮಸುಕು ಕಂಡಂತಾಯಿತು. ಅದಕ್ಕೆ ಮುದ್ರೆ ಒತ್ತಲು ನಾನು ಸಿದ್ಧನಿಲ್ಲ. ಮುಂದಿನ ಜನವರಿಯೊಳಗೆ ಪುರವಣಿಯಲ್ಲಿ ದಕ್ಷಿಣ ದಿಗಂತದ ಒಂದು ನಕ್ಷೆಯನ್ನೂ, ಅದರ ಪಕ್ಕದಲ್ಲಿ ಮೇಲಿನ ತಲೆಬರಹಕ್ಕೆ ಒಂದು ತಿದ್ದುಪಡಿಯನ್ನೂ ಅಚ್ಚು ಹಾಕಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ತೂಕ-ಅಳತೆ ನಿರೀಕ್ಷಕ, ಕಾಪು, ಉಡುಪಿ ಜಿಲ್ಲೆ