ತುಕ್ಕು ಹಿಡಿದ ಪಿಕಪ್ ಪರೀಕ್ಷಿಸಿದ ಮೇಸ್ತ್ರಿಗಳಿಗೆ ಕೃತಜ್ಞತೆ

ಮಲ್ಪೆ ಬಂದರಿನ ದಾರಿಯಲ್ಲಿ ನಮ್ಮ ಹಳೆಯ ಪಿಕಪ್‌ನಡಿ ಮಲಗಿ, ಚಾಸಿಯನ್ನು (ಗಾಡಿಯ ಭಾರ ಹೊರುವ ಉಕ್ಕಿನ ಚೌಕಟ್ಟನ್ನು) ಉದ್ದಕ್ಕೂ ಸುತ್ತಿಗೆಯಿಂದ ತಟ್ಟಿ ನೋಡಿ, ಹೆಸರು ಹೇಳದೆ ಹೊರಟುಹೋದ ವೆಲ್ಡಿಂಗ್ ಮೇಸ್ತ್ರಿಗಳಿಗೆ ನಮ್ಮ ಮನೆಯವರೆಲ್ಲರ ಹೃತ್ಪೂರ್ವಕ ಧನ್ಯವಾದಗಳು. ಮೀನಿನ ಪೆಟ್ಟಿಗೆಗಳಿಂದ ಸೋರುವ ಉಪ್ಪುನೀರು ಹಿಂಬದಿಯ ತಗಡನ್ನು ತಿಂದಿದ್ದರೆ ಅದನ್ನು ಬದಲಾಯಿಸಬಹುದು, ಆದರೆ ಸ್ಪ್ರಿಂಗ್ ಪ್ಲೇಟುಗಳು ಕೂರುವ ಜಾಗದಲ್ಲಿ ಚಾಸಿಯೇ ಪದರುಪದರಾಗಿ ಉದುರುತ್ತಿದ್ದರೆ, ಅದರ ಮೇಲೆ ತಗಡು ಬೆಸೆದು ಬಣ್ಣ ಹಚ್ಚುವುದು ಗಾಡಿಯಲ್ಲಿ ಕೂತವರ ಜೀವಕ್ಕೆ ಅಪಾಯವೆಂದು ಅವರು ತಾಳ್ಮೆಯಿಂದ ವಿವರಿಸಿದರು. ನಮ್ಮ ಚಾಸಿ ಗಟ್ಟಿಯಾಗಿದೆ ಎಂದು ಖಚಿತಪಡಿಸಿದ ಬಳಿಕವೂ, 8 ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿವರ್ಷ ಅದು ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ, ಅಂದರೆ ಎಫ್‌.ಸಿ. ಮಾಡಿಸಬೇಕಾದ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಯೇ ರಿಪೇರಿ ಮಾಡಿಸುವುದೋ ಬೇಡವೋ ಎಂದು ತೀರ್ಮಾನಿಸಿ ಎಂದರು. ಕೆಲಸ ತಮಗೇ ಸಿಗಬಹುದಾಗಿದ್ದರೂ ಅವಸರಪಡಿಸದ ಆ ಪ್ರಾಮಾಣಿಕತೆ ದೊಡ್ಡದು. ಗಾಡಿಯನ್ನು ರಿಪೇರಿ ಮಾಡಿಸಲು ನಿರ್ಧರಿಸಿದ್ದೇವೆ. ಆ ಕೆಲಸವನ್ನು ಅವರೇ ವಹಿಸಿಕೊಳ್ಳಬೇಕೆಂಬುದು ನಮ್ಮ ವಿನಂತಿ.