ರಿಯಾಕ್ಟರಿನ ಬಳಿ ಉಳಿದವರಿಗೆ

ಕಟ್ಟಿಗೆ, ಕಸಕಡ್ಡಿಯಂಥ ಬಯೋಮಾಸ್‌ನಿಂದ ಹೈಡ್ರೋಜನ್ ತೆಗೆಯುವ ನಮ್ಮ ಯೋಜನೆಯ ಅಂತಿಮ ವರದಿಗೆ ಕಳೆದ ವಾರ ಒಪ್ಪಿಗೆ ಸಿಕ್ಕಿತು. ಸರ್ವೆ ಮರದ ಚಕ್ಕೆ ತುಂಬುವಲ್ಲಿಂದ ಹಿಡಿದು ಹೈಡ್ರೋಜನ್‌ನಿಂದ ವಿದ್ಯುತ್ ತಯಾರಿಸುವ ಇಂಧನಕೋಶದ ತುದಿಯಲ್ಲಿ ದೀಪ ಉರಿಯುವವರೆಗಿನ ಇಡೀ ಸರಪಳಿ, ಒಪ್ಪಂದದಲ್ಲಿ ಹೇಳಿದ್ದ ಅವಧಿಯುದ್ದಕ್ಕೂ ಎಲ್ಲೂ ಕಡಿಯದೆ ನಡೆಯಿತು. ಶುಭಾಶಯ ಕಳಿಸಿದ ಒಬ್ಬೊಬ್ಬರಿಗೂ ಉತ್ತರಿಸಲು ಆಗಿಲ್ಲದ ಕಾರಣ ಎಲ್ಲರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಸಲ್ಲಬೇಕಾದ ಕೃತಜ್ಞತೆ ಸಮಪಾಲಾಗಿ ಹಂಚುವಂಥದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ವಾಕ್ಯದಲ್ಲಿ ಮುಗಿದುಹೋದವರು ಬೇಸರಪಟ್ಟುಕೊಳ್ಳಬಾರದು.

ಹಸಿರು ಹೈಡ್ರೋಜನ್ ಎಂದೊಡನೆ ಬಹುತೇಕರ ಮನಸ್ಸಿಗೆ ಬರುವುದು ಸೌರಫಲಕ ಮತ್ತು ವಿದ್ಯುತ್ತಿನಿಂದ ನೀರನ್ನು ಒಡೆಯುವ ಎಲೆಕ್ಟ್ರೊಲೈಸರ್. 2023ರ ಜನವರಿಯಲ್ಲಿ ಕೇಂದ್ರ ಸಂಪುಟ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ನೀಡಿ, 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನೆಯ ಗುರಿ ಇಟ್ಟಾಗಲೂ ಚರ್ಚೆಯೆಲ್ಲ ನಡೆದದ್ದು ಹೆಚ್ಚಾಗಿ ನೀರನ್ನು ಒಡೆಯುವ ಬಗ್ಗೆಯೇ. ಆ ದಾರಿಯ ಬಗ್ಗೆ ನನಗೆ ತಕರಾರಿಲ್ಲ, ಆದರೆ ಒಂದು ಕಿಲೋ ಹೈಡ್ರೋಜನ್‌ಗೆ 50 ಯೂನಿಟ್‌ಗೂ ಮಿಕ್ಕಿ ವಿದ್ಯುತ್ ಬೇಡುವ ದಾರಿ ಅದು. ಹೊಲದ ಬದುವಿನಲ್ಲಿ ಸುಟ್ಟುಹೋಗುವ ಕಸಕಡ್ಡಿಯಿಂದಲೂ ಅದೇ ಅನಿಲ ಸಿಗುವುದಾದರೆ ಅದನ್ನು ಬಿಟ್ಟುಕೊಡುವುದೇಕೆ ಎಂಬುದಷ್ಟೇ ನಮ್ಮ ಹಟವಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಸ್. ದಾಸಪ್ಪ ಅವರ ತಂಡ, ಆಮ್ಲಜನಕ ಮತ್ತು ಉಗಿಯನ್ನು ಬಳಸಿ, ಒಂದು ಕಿಲೋ ಬಯೋಮಾಸ್‌ನಿಂದ 100 ಗ್ರಾಂ ಹೈಡ್ರೋಜನ್ ಪಡೆಯಬಹುದೆಂದು ತೋರಿಸಿರದಿದ್ದರೆ ಆ ಹಟಕ್ಕೆ ಆಧಾರವೂ ಇರುತ್ತಿರಲಿಲ್ಲ. ಒಂದು ಕಿಲೋ ಬಯೋಮಾಸ್‌ನಲ್ಲಿ ಇರುವುದೇ ಸುಮಾರು 60 ಗ್ರಾಂ ಹೈಡ್ರೋಜನ್, ಮಿಕ್ಕದ್ದು ಉಗಿಯಿಂದ ಬರುತ್ತದೆ ಎಂದು ಮೊದಲ ಸಲ ಕೇಳಿದಾಗ ಲೆಕ್ಕ ತಪ್ಪಿರಬೇಕೆಂದು ವಾದಿಸಿದ ಸ್ನೇಹಿತರು ಈ ಬರಹವನ್ನೂ ಓದುತ್ತಿರುತ್ತಾರೆ, ಅವರಿಗೂ ನಮಸ್ಕಾರ.

ಯೋಜನೆಯ ಮಿಕ್ಕ ವಿವರಗಳು ನಿಮಗೆ ಗೊತ್ತಿರುವಂಥವೇ. ಅನಿಲ ಶುದ್ಧೀಕರಣದ ಸ್ತಂಭಗಳನ್ನು ಕಟ್ಟಿಕೊಟ್ಟ ಪುಣೆಯ ಗೆಳೆಯರು, ಇಂಧನಕೋಶವನ್ನು ಲಾರಿಯಲ್ಲಿ ಹೇರಿಕೊಂಡು ಬಂದ ಚೆನ್ನೈ ತಂಡ, ತೇವ ಆರಿದ ಚಕ್ಕೆಯನ್ನು ಹೇಳಿದ ಅಳತೆಯಲ್ಲೇ ಕಡಿದುಕೊಟ್ಟ ಅರಸೀಕೆರೆ ಕಡೆಯ ರೈತರು, ಹಣ ತಡವಾದ ತಿಂಗಳುಗಳಲ್ಲಿ ಸಿಲಿಂಡರ್‌ಗಳನ್ನು ಸಾಲವಾಗಿ ಕೊಟ್ಟ ಅಂಗಡಿಯವರು, ಇವರೆಲ್ಲರಿಗೂ ನಾವು ಋಣಿಗಳು. ಚೆನ್ನೈ ತಂಡದವರ ಜೊತೆ ನಡೆದ ಜಗಳಗಳಿಗೂ ಪ್ರತ್ಯೇಕವಾಗಿ ಕೃತಜ್ಞತೆ ಹೇಳಬೇಕು. ಚಕ್ಕೆಯನ್ನು ಅನಿಲವಾಗಿಸುವ ನಮ್ಮ ರಿಯಾಕ್ಟರಿನಿಂದ ಹೊರಬೀಳುವ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ ಹತ್ತಕ್ಕೂ ಹೆಚ್ಚಿರುತ್ತದೆ, ಅವರ ಇಂಧನಕೋಶಕ್ಕೆ ಹತ್ತು ಲಕ್ಷದಲ್ಲಿ 0.2 ಪಾಲು ದಾಟಿದರೆ ಆಗಿಬರುವುದಿಲ್ಲ. ಈ ಎರಡು ಅಂಕಿಗಳ ನಡುವಿನ ಅಂತರವೇ ನಮ್ಮ ಸಹಯೋಗದ ನಿಜವಾದ ವಿಷಯವಾಗಿತ್ತು, ಅವರು ಒಂದು ಹೆಜ್ಜೆಯೂ ಸಡಿಲ ಬಿಡದೇ ಇದ್ದುದರಿಂದಲೇ ಅದು ತುಂಬಿತು.

ಇನ್ನು ನಮ್ಮ ಆಪರೇಟರ್ ಬಗ್ಗೆ. ಇಲ್ಲಿ ಹೆಸರು ಹಾಕಕೂಡದು ಎಂದು ಅವರೇ ಹೇಳಿದ್ದರಿಂದ ಹಾಕಿಲ್ಲ. ಅವರು ತುಮಕೂರು ಸೀಮೆಯವರು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ 1988ರಲ್ಲಿ ಅದೇ ಜಿಲ್ಲೆಯ ಹೊಸಹಳ್ಳಿಯಲ್ಲಿ ಕಟ್ಟಿಗೆ ಅನಿಲದಿಂದ ಊರಿಗೆ ಕರೆಂಟು ಕೊಡುವ ಪ್ರಯೋಗ ಆರಂಭಿಸಿದ ಮೇಲೆ ಆ ಭಾಗದಲ್ಲಿ ಕಟ್ಟಿಗೆಯನ್ನು ಅನಿಲವಾಗಿಸುವ ಗ್ಯಾಸಿಫೈಯರ್ ನಡೆಸಬಲ್ಲ ಒಂದು ಪೀಳಿಗೆಯೇ ತಯಾರಾಯಿತು, ಇವರು ಆ ಪೀಳಿಗೆಯ ಕೈಕೆಳಗೆ ಕೆಲಸ ಕಲಿತವರು. ಪರದೆಯ ಮೇಲಿನ ಉಷ್ಣಾಂಶಕ್ಕಿಂತ ಮೊದಲು ಅವರು ಉಗಿ ಕೊಳವೆಯ ಸದ್ದನ್ನು ನಂಬುತ್ತಿದ್ದರು. ಜ್ವರ ಬಂದ ಹಸುವಿನ ಕಿವಿ ಮುಟ್ಟಿ ನೋಡುವಂತೆ ರಿಯಾಕ್ಟರಿನ ಹೊರಕವಚದ ಹತ್ತಿರ ಅಂಗೈ ಹಿಡಿದು, ಒಳಗೆ ಬೂದಿ ಕರಗಿ ಗಟ್ಟಿಕಟ್ಟುತ್ತಿದೆಯೋ ಇಲ್ಲವೋ ಹೇಳುತ್ತಿದ್ದರು. ಶುದ್ಧ ಹೈಡ್ರೋಜನ್ ಉರಿದರೆ ಹಗಲು ಬೆಳಕಿನಲ್ಲಿ ಜ್ವಾಲೆ ಕಾಣುವುದಿಲ್ಲ ಎಂಬುದನ್ನು ನಾವೆಲ್ಲ ಪಾಠದಲ್ಲಿ ಓದಿದ್ದೆವು. ಅವರು ಮಾತ್ರ ಉದ್ದನೆಯ ಕೋಲಿಗೆ ಒಣ ತೆಂಗಿನ ಕಡ್ಡಿ ಪೊರಕೆ ಕಟ್ಟಿ, ಅದನ್ನು ಮುಂದೆ ಚಾಚಿಕೊಂಡೇ ಶುದ್ಧೀಕರಣ ಸ್ತಂಭಗಳ ನಡುವೆ ಓಡಾಡುತ್ತಿದ್ದರು. ಒಂದು ಮಧ್ಯಾಹ್ನ, ಏನೂ ಇಲ್ಲದ ಗಾಳಿಯಲ್ಲಿ ಆ ಪೊರಕೆಯ ತುದಿ ಹೊತ್ತಿಕೊಂಡಿತು. ಒಂದು ಜೋಡಣೆಯ ವಾಷರ್ ಸಡಿಲವಾಗಿತ್ತು. ಅಂದಿನಿಂದ ಪೊರಕೆಯ ಬಗ್ಗೆ ಯಾರೂ ನಗಲಿಲ್ಲ.

ಮಳೆಯ ಆ ರಾತ್ರಿಯ ಬಗ್ಗೆ ಅನೇಕರು ಕೇಳಿದ್ದೀರಿ. ಕರೆಂಟು ಹೋಯಿತು, ಜನರೇಟರ್ ಕೂಡಲೇ ಎದ್ದುಕೊಳ್ಳಲಿಲ್ಲ. ಬಾಯ್ಲರ್‌ಗೆ ನೀರು ಕೊಡುವ ಪಂಪು ನಿಂತಿತು. ಅನಿಲವನ್ನು ಕೆಳಗಿನಿಂದ ಎಳೆಯುವ ಬ್ಲೋವರ್ ನಿಂತಿದ್ದರಿಂದ ಅನಿಲ ಮೇಲ್ಮುಖವಾಗಿ ತಿರುಗಿ, ಚಕ್ಕೆ ತುಂಬುವ ಬಾಯಿಯ ಕಡೆಯಿಂದ ಹೊರಬರತೊಡಗಿತು. ಆ ಹೊತ್ತಿಗೆ ಅಲ್ಲಿನ ಕಬ್ಬಿಣದ ಅಟ್ಟದ ಮೇಲೆ ನಮ್ಮ ಕಿರಿಯ ಸಂಶೋಧನಾ ವಿದ್ಯಾರ್ಥಿ ಒಬ್ಬನೇ ಇದ್ದ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಕೂಗಿದರೆ ಮೇಲಿನಿಂದ ಉತ್ತರ ಬರಲಿಲ್ಲ.

ಆಪರೇಟರ್ ಮೊದಲು ಮಾಡಿದ ಕೆಲಸ ಆಮ್ಲಜನಕದ ವಾಲ್ವನ್ನು ಕೈಯಿಂದಲೇ ತಿರುಗಿಸಿ ಮುಚ್ಚಿದ್ದು. ಎರಡನೆಯದು ಒಳಗಿನ ಉರಿ ಅಡಗಿಸಲು ನೈಟ್ರೋಜನ್ ಬಿಟ್ಟದ್ದು. ಮೂರನೆಯದಾಗಿ ಉಸಿರಾಟದ ಸಿಲಿಂಡರನ್ನು ಬೆನ್ನಿಗೆ ಹಾಕಿಕೊಂಡು, ಮುಖವಾಡ ಬಿಗಿದು, ಏಣಿ ಹತ್ತಿದರು. ಅವರು ಆ ಎರಡು ವಾಲ್ವುಗಳ ಮುಂದೆ ನಿಂತಿದ್ದ ಅಷ್ಟು ಹೊತ್ತೂ ನಾನು ಅವರನ್ನು ದ್ವೇಷಿಸಿದೆ ಎಂದು ಬರೆಯಲು ನನಗೆ ಸಂಕೋಚವಿಲ್ಲ, ಏಕೆಂದರೆ ಅದನ್ನು ಅವರಿಗೇ ಹೇಳಿದ್ದೇನೆ. ಉಗಿ ನಿಂತು ಆಮ್ಲಜನಕ ಮಾತ್ರ ಹರಿಯುತ್ತಿದ್ದರೆ ಒಳಗಿನ ಕೆಂಡದ ಹಾಸು ಯಾವ ಮಟ್ಟಕ್ಕೆ ಏರುತ್ತಿತ್ತು ಎಂಬ ಲೆಕ್ಕ ನನಗೆ ಬಾಯಿಪಾಠವಾಗಿತ್ತು, ಆದರೆ ಆ ಕ್ಷಣದಲ್ಲಿ ಅದು ನನ್ನ ತಲೆಯಲ್ಲಿ ಇರಲೇ ಇಲ್ಲ. “ಕೆಳಗೆ ಬೆಂಕಿ ಹಂಗೇ ಬಿಟ್ಟು ಮೇಲಕ್ಕೆ ಹೋಗಿದ್ರೆ ಇಬ್ರೂ ಉಳೀತಿರಲಿಲ್ಲ ಮೇಡಂ,” ಎಂದಷ್ಟೇ ಅವರು ಆಮೇಲೆ ಹೇಳಿದರು. ಹುಡುಗನನ್ನು ಹೆಗಲ ಮೇಲೆ ಹಾಕಿಕೊಂಡು, ಮಳೆಯಲ್ಲಿ ಜಾರುತ್ತಿದ್ದ ಮೆಟ್ಟಿಲುಗಳ ಮೇಲೆ ಹಿಮ್ಮುಖವಾಗಿ ಒಂದೊಂದೇ ಕಾಲಿಡುತ್ತ ಇಳಿದರು.

ಆಸ್ಪತ್ರೆಯ ದಿನಗಳನ್ನು ಮತ್ತೆ ಬರೆಯುವುದಿಲ್ಲ. ಅವನು ಈಗ ಹೇಗಿದ್ದಾನೆಂದು ನಿಮಗೆ ಗೊತ್ತು, ಮೊನ್ನೆಯ ಸಂಭ್ರಮದ ಫೋಟೋದಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿರುವವನು ಅವನೇ. ನಮ್ಮ ಮೇಷ್ಟ್ರು ಅವನ ಜೊತೆ ಆಂಬುಲೆನ್ಸ್‌ನಲ್ಲಿ ಹೋದರು. ಕೆಂಪಗೆ ಕಾದಿರುವ ಇದ್ದಿಲಿನ ಹಾಸನ್ನು ಹಾಗೆಯೇ ಬಿಟ್ಟು ಯಾರೂ ಮನೆಗೆ ಹೋಗುವಂತಿಲ್ಲ, ಒಳಗೆ ಗಾಳಿ ನುಗ್ಗಿದರೆ ಉಳಿದಿರುವ ಅನಿಲಕ್ಕೆ ಅಷ್ಟೇ ಸಾಕು. ಹೈಡ್ರೋಜನ್ ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿದ್ದರೂ ಹೊತ್ತಿಕೊಳ್ಳುತ್ತದೆ. ಹಾಗಾಗಿ ಆಪರೇಟರೂ ನಾನೂ ಉಳಿದೆವು. ಚಕ್ಕೆಯ ಮೂಟೆಯ ಮೇಲೆ ಕುಳಿತು ನಾನು ಅತ್ತೆ. ಹುಡುಗನ ತಾಯಿಗೆ ಯಾರು ಫೋನು ಮಾಡಬೇಕು, ಏನೆಂದು ಹೇಳಬೇಕು ಎಂಬುದೊಂದೇ ಯೋಚನೆಯಾಗಿತ್ತು, ಈ ಹೈಡ್ರೋಜನ್, ಈ ವರದಿ, ಈ ಜಗತ್ತಿನ ಶುದ್ಧ ಇಂಧನ ಎಲ್ಲವೂ ಯಾರಿಗೆ ಬೇಕಾಗಿದೆ ಎನ್ನಿಸಿಬಿಟ್ಟಿತ್ತು. ಅವರು ಸಮಾಧಾನ ಹೇಳಲಿಲ್ಲ. ಬ್ಯಾಟರಿಯಲ್ಲಿ ನಡೆಯುವ ಮೀಟರನ್ನು ನನ್ನ ಕೈಗೆ ಕೊಟ್ಟು, “ನೀವು ಟೆಂಪರೇಚರ್ ಓದ್ತಾ ಹೋಗಿ, ನಾನು ಬರ್ಕೊತೀನಿ,” ಎಂದರು. ಶಾಲೆಯ ಮಕ್ಕಳ ಗೆರೆಪುಸ್ತಕವೊಂದರಲ್ಲಿ, ಕಾಲುಗಂಟೆಗೊಮ್ಮೆ, ರಿಯಾಕ್ಟರಿನ ಮೇಲಿನ, ನಡುವಿನ, ಕೆಳಗಿನ ಮೂರು ಉಷ್ಣಾಂಶಗಳು, ಪಕ್ಕದಲ್ಲಿ ನೈಟ್ರೋಜನ್ ಸಿಲಿಂಡರಿನ ಒತ್ತಡ, ಹೀಗೆ ಬೆಳಗಿನವರೆಗೂ ಸಾಲುಗಳು ಇಳಿಯುತ್ತ ಹೋದವು. ಸಿಲಿಂಡರುಗಳು ಬೆಳಗಿನವರೆಗೆ ಸಾಲುತ್ತವೆಯೇ ಎಂದು ಅವರು ಆಗಾಗ ಮಾರ್ಜಿನ್ನಿನಲ್ಲಿ ಭಾಗಾಕಾರ ಮಾಡಿ ನೋಡಿಕೊಳ್ಳುತ್ತಿದ್ದರು. ಹುಡುಗ ಮಾತಾಡಿದ ಎಂದು ಮೇಷ್ಟ್ರ ಫೋನು ಬಂದಾಗಲೂ ಅವರು ತಲೆಯೆತ್ತಿ ಕೇಳಿಸಿಕೊಂಡು, ಮುಂದಿನ ಓದು ತಪ್ಪಿಹೋಗಿದೆ ಎಂದು ನೆನಪಿಸಿದರು.

ಕಂಪ್ಯೂಟರ್ ಆರಿಹೋಗಿದ್ದ ಆ ರಾತ್ರಿಯ ಏಕೈಕ ದಾಖಲೆ ಆ ಗೆರೆಪುಸ್ತಕವೇ ಆದ್ದರಿಂದ, ರಿಯಾಕ್ಟರ್ ತಣಿಯುವ ವೇಗದ ಬಗ್ಗೆ ವರದಿಯಲ್ಲಿರುವ ನಕ್ಷೆಯನ್ನು ಅದರಿಂದಲೇ ತಯಾರಿಸಿದೆವು. ಪರಿಶೀಲನಾ ಸಮಿತಿ ಅತಿ ಹೆಚ್ಚು ಪ್ರಶ್ನೆ ಕೇಳಿದ್ದೂ, ಕೊನೆಗೆ ಮೆಚ್ಚಿದ್ದೂ ಅದನ್ನೇ. ಆರಂಭ ಮತ್ತು ತುರ್ತು ನಿಲುಗಡೆಯ ಅಧ್ಯಾಯವನ್ನು ಆಪರೇಟರ್ ಹೇಳಿದರು, ನಾವು ಬರೆದುಕೊಂಡೆವು. ಹೀಗಾಗಿ ಇಲ್ಲಿ ಇಲ್ಲದ ಅವರ ಹೆಸರು ವರದಿಯಲ್ಲಿ ಕೃತಜ್ಞತೆಯ ಪುಟದಲ್ಲಲ್ಲ, ಲೇಖಕರ ಸಾಲಿನಲ್ಲಿ ಇದೆ. ಅದಕ್ಕೆ ಅವರು ಒಪ್ಪಿದ್ದು ಒಂದು ಷರತ್ತಿನ ಮೇಲೆ: ಅಟ್ಟದ ಮೇಲೊಂದು, ಏಣಿಯ ಬುಡದಲ್ಲೊಂದು ಪ್ರತ್ಯೇಕ ಮೊನಾಕ್ಸೈಡ್ ಎಚ್ಚರಿಕೆ ಗಂಟೆ ಬರಬೇಕು, ಎರಡಕ್ಕೂ ತಮ್ಮದೇ ಬ್ಯಾಟರಿ ಇರಬೇಕು, ಮತ್ತು ಅಟ್ಟಕ್ಕೆ ಒಬ್ಬರೇ ಹತ್ತಕೂಡದು. ಎರಡೂ ಗಂಟೆಗಳು ಬಂದಿವೆ.

ಮುಂದಿನ ಹಂತದಲ್ಲಿ ಸರ್ವೆ ಚಕ್ಕೆಯ ಜಾಗಕ್ಕೆ ತೆಂಗಿನ ಗರಿ ಮತ್ತು ಕರಟ ಬರಲಿವೆ. ಬೂದಿಯ ಗುಣವೇ ಬೇರೆಯಾಗುವುದರಿಂದ ಉಗಿಯ ಪ್ರಮಾಣವನ್ನು ಮೊದಲಿನಿಂದ ಹುಡುಕಬೇಕಾಗುತ್ತದೆ, ಉಗಿ ಏರಿಸಿದರೆ ಹೈಡ್ರೋಜನ್ ಏರಿ ದಕ್ಷತೆ ಇಳಿಯುವ ಹಳೆಯ ತಕ್ಕಡಿ ಮತ್ತೆ ಎದುರಾಗುತ್ತದೆ, ಚೆನ್ನೈಯವರ ಜೊತೆ ಜಗಳವೂ ಮುಂದುವರಿಯುತ್ತದೆ. ಚಕ್ಕೆ ಕೊಟ್ಟ ರೈತರ ಬಾಕಿ ಹಣ ಈ ವಾರ ಅವರ ಖಾತೆ ಸೇರಿದೆ. ದೀಪಾವಳಿ ಕಳೆದ ಮೇಲಿನ ಮೊದಲ ಶನಿವಾರ ಸ್ಥಾವರದ ಅಂಗಳದಲ್ಲಿ ಊಟ ಇಟ್ಟುಕೊಂಡಿದ್ದೇವೆ, ಹುಡುಗನ ತಾಯಿಯೂ ಬರುವುದಾಗಿ ಹೇಳಿದ್ದಾರೆ. ಬರುವವರು ಹಿಂದಿನ ದಿನವೇ ತಿಳಿಸಿದರೆ ಅಡುಗೆಯವರಿಗೆ ಅನುಕೂಲ.